ಗೋಲಿ ಬಿದ್ದ ಸದ್ದು

ನನ್ನ ಜೊತೆ ಕೆಲಸ ಮಾಡುವ ಗೆಳತಿಯ ದೇಶದಲ್ಲಿ ಜನ ಗೋಲಿ ಹಾಕಿ ಅಧ್ಯಕ್ಷರನ್ನು ಆರಿಸುತ್ತಾರೆ ಎಂದು ಅವಳು ಮೊದಲ ಸಲ ಹೇಳಿದಾಗ ನನ್ನ ಕಾಲೆಳೆಯುತ್ತಿದ್ದಾಳೆ ಅಂದುಕೊಂಡೆ. ಡೇಕೇರಿನ ಮಕ್ಕಳೆಲ್ಲ ಮಧ್ಯಾಹ್ನದ ನಿದ್ದೆಗೆ ಜಾರಿದ್ದರು. ನಾವಿಬ್ಬರು ಅಡುಗೆಕೋಣೆಯಲ್ಲಿ, ನಾಲ್ಕು ವರ್ಷದ ಮಕ್ಕಳಿಗೆಂದು ಮಾಡಿಸಿದ ಕುರ್ಚಿಗಳ ಮೇಲೆ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು ಊಟದ ಡಬ್ಬಿ ಬಿಚ್ಚಿದ್ದೆವು. ನಾನು ಮೈಸೂರಿನ ಮಂಡಿ ಮೊಹಲ್ಲಾದ ಬೀದಿಯಲ್ಲಿ ಅಣ್ಣಂದಿರ ಜೊತೆ ಗೋಲಿ ಆಡಿ ಮೊಣಕೈ ತರಚಿಕೊಂಡು ಬೆಳೆದವಳು. ಗೋಲಿಯಿಂದ ಸರ್ಕಾರ ಬದಲಾಗುತ್ತದೆ ಅಂದರೆ ನಗದೆ ಏನು ಮಾಡಲಿ?

ನಕ್ಕಿದ್ದು ಅವಳಿಗೆ ಹಿಡಿಸಲಿಲ್ಲ. ಮಕ್ಕಳು ಬಣ್ಣ ಬಳಿದು ಬಿಟ್ಟಿದ್ದ ಕಾಗದವೊಂದನ್ನು ತಿರುಗಿಸಿ ಚಿತ್ರ ಬರೆದು ತೋರಿಸಿದಳು. ಒಂದು ಪರದೆ. ಪರದೆಯ ಹಿಂದೆ ಎಷ್ಟು ಅಭ್ಯರ್ಥಿಗಳೋ ಅಷ್ಟು ಡ್ರಮ್ಮು. ಒಂದೊಂದಕ್ಕೆ ಒಂದೊಂದು ಬಣ್ಣ, ಮೇಲೆ ಅಭ್ಯರ್ಥಿಯ ಫೋಟೊ. ಡ್ರಮ್ಮಿನ ಮುಚ್ಚಳದಲ್ಲಿ ಒಂದು ಕೊಳವೆ, ಕೊಳವೆಯ ಕೆಳಗೆ ಒಳಗಡೆ ಒಂದು ಗಂಟೆ. ಮತದಾರನ ಬೆರಳಿಗೆ ಶಾಯಿ ಹಾಕಿ ಕೈಗೆ ಒಂದೇ ಒಂದು ಗೋಲಿ ಕೊಡುತ್ತಾರೆ. ಅವನು ಅದನ್ನು ಕೊಳವೆಗೆ ಹಾಕಿದರೆ ಟಣ್ ಅಂತ ಸದ್ದು. ಹೊರಗೆ ಕೂತ ಅಧಿಕಾರಿಗೆ ಒಂದು ಸಲ ಕೇಳಿಸಿದರೆ ಒಂದು ಮತ. ಎರಡು ಸಲ ಕೇಳಿಸಿದರೆ ಕಳ್ಳ ಸಿಕ್ಕಿಬಿದ್ದ. ಒಳಗೆ ಬಿದ್ದ ಗೋಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡದಿರಲೆಂದು ತಳದಲ್ಲಿ ಮರಳು ಹಾಸಿರುತ್ತಾರಂತೆ. ಮತದಾನದ ದಿನ ಮತಗಟ್ಟೆಯ ಹತ್ತಿರ ಯಾರೂ ಸೈಕಲ್ ಬೆಲ್ ಬಾರಿಸುವ ಹಾಗಿಲ್ಲವಂತೆ. ಓದು ಬಾರದವರೂ ತಪ್ಪಿಲ್ಲದೆ ಮತ ಹಾಕಲಿ ಎಂದು ಬ್ರಿಟಿಷರ ಕಾಲದಲ್ಲಿ ಶುರುವಾದದ್ದು, ಇನ್ನೂ ನಡೆಯುತ್ತಿದೆ ಎಂದಳು.

ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ. ಅವಳದು ಅವಳ ಊರಿನ ಇಂಗ್ಲಿಷು, ನನ್ನದು ಮೈಸೂರಿನದು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅವಳು ಅಮೆರಿಕದ ಜರ್ಸಿ ಸಿಟಿಯ ನಮ್ಮ ಬಿಲ್ಡಿಂಗಿನಲ್ಲೇ ನಾಲ್ಕನೇ ಮಹಡಿ, ನಾನು ಮೂರನೇದು. ನದಿ ಕಾಣುವ ಗಾಜಿನ ಟವರುಗಳು ನಮ್ಮಿಂದ ಹತ್ತು ಬ್ಲಾಕ್ ಆಚೆ; ನಮ್ಮದು ಹೀಟರ್ ಪೈಪುಗಳು ಬಡಿದುಕೊಳ್ಳುವ ಹಳೆಯ ಇಟ್ಟಿಗೆ ಕಟ್ಟಡ. ಡೇಕೇರಿನ ಕೆಲಸ ಕೊಡಿಸಿದವಳೂ ಅವಳೇ. ನಲವತ್ತೈದರ ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವಳು, ನನಗಿಂತ ಹತ್ತು ಪಟ್ಟು ತಾಳ್ಮೆಯವಳು. ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಎಲ್ಲಿ ಏನು ನಡೆದರೂ ಮೂಗು ತೂರಿಸಲೇಬೇಕು. ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಅಮ್ಮಿ ಇದ್ದಷ್ಟು ದಿನ ಬೈದಳು. ಈಗ ಆ ಕೆಲಸವನ್ನು ಮಗಳು ಇಂಗ್ಲಿಷಿನಲ್ಲಿ ಮಾಡುತ್ತಾಳೆ.

ಅವಳ ದೇಶದ ಹೆಸರು ನಾನು ಅವಳಿಂದಲೇ ಮೊದಲು ಕೇಳಿದ್ದು. ಆಫ್ರಿಕದ ಪಶ್ಚಿಮದ ಅಂಚಿನಲ್ಲಿ ಒಂದು ನದಿ, ನದಿಯ ಎರಡು ದಂಡೆ, ಅಷ್ಟೇ ದೇಶ. ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸುತ್ತಾರೆ. ಯಾರ ಡ್ರಮ್ಮಿನಲ್ಲಿ ಒಂದು ಗೋಲಿ ಹೆಚ್ಚಿದೆಯೋ ಅವರು ಗೆದ್ದರು. ಅರ್ಧಕ್ಕಿಂತ ಹೆಚ್ಚು ಬರಬೇಕೆಂಬ ಕಟ್ಟಳೆ ಇಲ್ಲ, ಎರಡನೇ ಸುತ್ತೂ ಇಲ್ಲ. ಶಾಸನಸಭೆಯಲ್ಲಿ ಐವತ್ತು ಚಿಲ್ಲರೆ ಸದಸ್ಯರು, ಹೆಚ್ಚುಕಡಿಮೆ ನಮ್ಮ ವಿಧಾನಸಭೆಯ ಕಾಲುಭಾಗ. ಅವರಲ್ಲಿ ಐವರನ್ನು ಅಧ್ಯಕ್ಷರೇ ನೇಮಿಸುತ್ತಾರೆ. ಅಧ್ಯಕ್ಷರು ಎಷ್ಟು ಸಲ ಬೇಕಾದರೂ ನಿಲ್ಲಬಹುದು. ಇಪ್ಪತ್ತು ವರ್ಷ ದಾಟಿ ಕೂತಿದ್ದ ಹಳಬರೊಬ್ಬರನ್ನು ಕೊನೆಗೆ ಇದೇ ಗೋಲಿಗಳು ಇಳಿಸಿದವು ಎಂದು ಹೇಳುವಾಗ ಅವಳು ಚಮಚ ಕೆಳಗಿಟ್ಟಳು.

ಅವಳ ಅಪ್ಪ ಆ ಹಳಬರ ಕಾಲದಲ್ಲಿ ಒಂದು ಸೀಮೆಯ ಮುಖ್ಯಸ್ಥರಾಗಿದ್ದರು. ನಮ್ಮ ಕಡೆಯ ಹಳೆಯ ಪಟೇಲರ ಹಾಗೆ: ಜಮೀನಿನ ವ್ಯಾಜ್ಯ, ಮದುವೆಯ ಜಗಳ ಎಲ್ಲ ಅವರ ಜಗಲಿಗೇ ಬರುತ್ತಿತ್ತು. ಮನೆತನ ದೊಡ್ಡದಾದರೂ ನೇಮಿಸುವವರು ಅಧ್ಯಕ್ಷರು, ತೆಗೆಯುವವರೂ ಅವರೇ. ಒಂದು ಚುನಾವಣೆಯಲ್ಲಿ ಆ ಸೀಮೆಯ ಮತಗಟ್ಟೆಗಳಲ್ಲಿ ಅಧ್ಯಕ್ಷರ ಡ್ರಮ್ಮಿನಲ್ಲಿ ಗೋಲಿ ಕಡಿಮೆ ಬಿತ್ತು. ಯಾರು ಯಾರಿಗೆ ಹಾಕಿದರೆಂದು ಯಾರಿಗೂ ಗೊತ್ತಿಲ್ಲ. ಆದರೂ ಕೆಲವೇ ವಾರದಲ್ಲಿ ಕಾಗದ ಬಂತು, ಅಪ್ಪನ ಪದವಿ ಹೋಯಿತು, ಜಗಲಿ ಖಾಲಿಯಾಯಿತು. ನೀವು ಯಾರಿಗೆ ಹಾಕಿದಿರಿ ಎಂದು ಅವಳ ಅಮ್ಮ ಗಂಡನನ್ನು ಕೊನೆಯವರೆಗೂ ಕೇಳಿದರಂತೆ. ಅದು ನನ್ನ ಗೋಲಿ ಎಂದಷ್ಟೇ ಹೇಳಿ ಅವರು ತೀರಿಕೊಂಡರಂತೆ. ಅಪ್ಪನ ಬಗ್ಗೆ ಅವಳು ಇದಿಷ್ಟನ್ನು ಬಿಟ್ಟು ಹೆಚ್ಚು ಹೇಳಿದ್ದಿಲ್ಲ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ ಹೋದ ವರ್ಷ ಅವಳು ಚುನಾವಣೆಗೆ ನಿಂತಳು. ಅಲ್ಲಿಯದಲ್ಲ, ಇಲ್ಲಿಯದು. ನ್ಯೂಯಾರ್ಕ್ ಮತ್ತು ನ್ಯೂಜರ್ಸಿಯಲ್ಲಿರುವ ಅವಳ ದೇಶದವರಿಗೊಂದು ಸಂಘವಿದೆ. ಸತ್ತವರನ್ನು ಊರಿಗೆ ಕಳಿಸುವುದು, ಹುಟ್ಟಿದವರಿಗೆ ನಾಮಕರಣ ಮಾಡಿಸುವುದು, ಹಬ್ಬಕ್ಕೆ ಬಾಡಿಗೆ ಹಾಲ್ ಗೊತ್ತುಮಾಡುವುದು ಅದರ ಕೆಲಸ. ಆ ವರ್ಷ ಇನ್ನೊಂದು ಕೆಲಸ ಸೇರಿತ್ತು. ಹೊರದೇಶಗಳಲ್ಲಿರುವವರಿಗೂ ಮತದ ಹಕ್ಕು ಬೇಕೋ ಬೇಡವೋ ಎಂದು ಅವರ ಶಾಸನಸಭೆಯ ಸಮಿತಿಯೊಂದು ಕೇಳುತ್ತಿತ್ತು. ಸಂಘದ ಅಧ್ಯಕ್ಷರು ರಾಜಧಾನಿಗೆ ಹೋಗಿ ಸಮಿತಿಯ ಮುಂದೆ ಮಾತಾಡಬೇಕಿತ್ತು. ಅಲ್ಲಿ ಹೋಗಿ ಮಾತಾಡುವವಳು ತಾನಾಗಬೇಕೆಂಬುದು ಅವಳ ಆಸೆ. ಅಪ್ಪನನ್ನು ಇಳಿಸಿದ ಊರಿನಲ್ಲಿ ಒಮ್ಮೆ ಎದ್ದು ನಿಂತು ಮತದ ಬಗ್ಗೆ ಮಾತಾಡಬೇಕು, ಅಷ್ಟಾದರೆ ಸಾಕು ಎಂದಳು. ಅವಳು ಏನನ್ನಾದರೂ ಬೇಕು ಅಂದದ್ದನ್ನು ನಾನು ಅವತ್ತೇ ಕೇಳಿದ್ದು.

ಎದುರಾಳಿ ಹಾಲಿ ಅಧ್ಯಕ್ಷರು. ಎಪ್ಪತ್ತರ ಆಸುಪಾಸಿನ ಗಂಭೀರ ಮನುಷ್ಯ, ಉದ್ದನೆಯ ಬಿಳಿ ನಿಲುವಂಗಿ, ಯಾರ ಮನೆಯಲ್ಲಿ ಸಾವಾದರೂ ಮೊದಲು ಬಾಗಿಲು ತಟ್ಟುವವರು. ಹನ್ನೊಂದು ವರ್ಷದಿಂದ ಅವರೇ ಅಧ್ಯಕ್ಷರು. ತೊಡಕು ಏನೆಂದರೆ ಅವರು ನನ್ನ ಗೆಳತಿಯ ಗಂಡನಿಗೆ ಸೋದರಮಾವ. ಅವನನ್ನು ಅಮೆರಿಕಕ್ಕೆ ಕರೆಸಿಕೊಂಡು ಮೂರು ವರ್ಷ ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದವರು. ಗಂಡ ಏರ್‌ಪೋರ್ಟಿಗೆ ವ್ಯಾನ್ ಓಡಿಸುತ್ತಾನೆ, ಮಾತು ಬಹಳ ಕಡಿಮೆ. ಹೆಂಡತಿ ನಿಲ್ಲುತ್ತೇನೆಂದಾಗ ನಿಲ್ಲು ಎಂದ. ಮಾವ ಬಂದು ನೀನು ಯಾರ ಕಡೆ ಎಂದಾಗ ಚಹಾ ತರುತ್ತೇನೆಂದು ಒಳಗೆ ಹೋದನಂತೆ.

ಹಿಂದಿನ ಸಲ ಚೀಟಿಯಲ್ಲಿ ಹೆಸರು ಬರೆಸಿ ಚುನಾವಣೆ ಮಾಡಿದ್ದರು. ಕೈಬರಹ ಗುರುತು ಹಿಡಿದು ಜಗಳವಾಗಿ ಒಂದು ನಾಮಕರಣಕ್ಕೆ ಅರ್ಧ ಜನ ಹೋಗಿರಲಿಲ್ಲ. ಈ ಸಲ ಊರಿನ ಪದ್ಧತಿಯಂತೆ ಗೋಲಿಯೇ ಆಗಲಿ ಎಂದು ತೀರ್ಮಾನವಾಯಿತು. ನಡೆಸುವವರು ಯಾರು? ಅಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ಆಗ ಅವಳು ನನ್ನ ಹೆಸರು ಹೇಳಿದಳು. ನಾನು ಮೈಸೂರಿನಲ್ಲಿ ಒಂಬತ್ತು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದೆ, ಎಲೆಕ್ಷನ್ ಡ್ಯೂಟಿ ಮಾಡಿದ್ದೆ. ನಿಜ ಹೇಳಬೇಕೆಂದರೆ ನಾನು ಎರಡನೇ ಪೋಲಿಂಗ್ ಆಫೀಸರ್, ಬೆರಳಿಗೆ ಶಾಯಿ ಹಚ್ಚುವವಳು, ಅದೂ ಮೂರೇ ಸಲ. ಆದರೆ ಡೇಕೇರಿನ ಅಡುಗೆಕೋಣೆಯಲ್ಲಿ ಕೊಚ್ಚಿಕೊಳ್ಳುತ್ತ ಕೊಚ್ಚಿಕೊಳ್ಳುತ್ತ ಇಡೀ ಮತಗಟ್ಟೆಯನ್ನೇ ನಾನು ನಡೆಸಿದ್ದೆ ಎನ್ನುವ ಮಟ್ಟಕ್ಕೆ ಬಂದಿತ್ತು. ಎರಡೂ ಕಡೆಯವರು ಒಪ್ಪಿದರು. ನಾನು ಉಬ್ಬಿಹೋದೆ.

ಆ ಮೂರು ವಾರ ನನ್ನನ್ನು ಹಿಡಿಯುವವರಿರಲಿಲ್ಲ. ಮತದಾರರ ಪಟ್ಟಿ ಮೂರು ಸಲ ಬರೆದೆ. ಗೋಲಿ ತರಿಸಿದೆ, ಎಲ್ಲ ಒಂದೇ ಬಣ್ಣದವು, ನೀರಿನಲ್ಲಿ ತೊಳೆದು ಒರೆಸಿಟ್ಟೆ. ಅವಳ ಗಂಡ ಎರಡು ತಗಡಿನ ಡ್ರಮ್ಮು ತಂದು, ಮುಚ್ಚಳ ಕೊರೆದು ಕೊಳವೆ ಕೂರಿಸಿ, ಒಂದಕ್ಕೆ ನೀಲಿ ಇನ್ನೊಂದಕ್ಕೆ ಕೆಂಪು ಬಳಿದುಕೊಟ್ಟ. ನೀಲಿ ನನ್ನ ಗೆಳತಿಯದು, ಕೆಂಪು ಮಾವನದು. ಒಳಗೆ ತೂಗುಹಾಕಲು ಗಂಟೆ ಮಾತ್ರ ಬೇಕಿತ್ತು. ನನ್ನ ಮಗಳು ನ್ಯೂಯಾರ್ಕಿನ ಬೆಲ್‌ರೋಸ್‌ನಲ್ಲಿ ಮನೆ ಮಾಡಿದ್ದಾಳೆ. ಅವಳನ್ನು ನೋಡಲು ಹೋದಾಗ ಹಿಲ್‌ಸೈಡ್ ಅವೆನ್ಯೂವಿನ ಇಂಡಿಯನ್ ಗ್ರೋಸರಿಗೆ ಎಳೆದುಕೊಂಡು ಹೋದೆ. ಅಕ್ಕಿ ಮೂಟೆಗಳ ಹಿಂದೆ, ಊದುಬತ್ತಿಯ ಪಕ್ಕ ಪೂಜೆಯ ಸಾಮಾನು. ತಲೆಯ ಮೇಲೆ ದುಪಟ್ಟಾ ಹೊದ್ದವಳು ಪೂಜೆ ಗಂಟೆ ಕೇಳಿದ್ದು ನೋಡಿ ಅಂಗಡಿಯಾತ ಹುಬ್ಬೇರಿಸಿದ. ಉಡುಪಿ ಕಡೆಯವನು, ಕನ್ನಡದಲ್ಲೇ ಮಾತಾಡಿದ.

“ಒಂದೇ ಸೈಜಿಂದು ಎರಡಿಲ್ಲ ಆಂಟಿ. ದೊಡ್ಡದು ಒಂದುಂಟು, ಸಣ್ಣದು ಒಂದುಂಟು. ಮುಂದಿನ ವಾರ ಕಂಟೇನರ್ ಬರ್ತದೆ, ಆಗ ಬನ್ನಿ.”

ಮುಂದಿನ ವಾರದವರೆಗೆ ಕಾಯುವ ಜಾಯಮಾನ ನನ್ನದಲ್ಲ.

“ಗಂಟೆ ಅಂದ್ರೆ ಗಂಟೆನೇ ಕಣಪ್ಪ. ಎರಡೂ ಕೊಡಿ” ಅಂದೆ.

“ಅಮ್ಮಿ, ಯು ಡೋಂಟ್ ಈವನ್ ನೋ ದೀಸ್ ಪೀಪಲ್” ಎಂದು ಮಗಳು ಕಾರಿನಲ್ಲಿ ಶುರು ಮಾಡಿದಳು. ಅವರ ಅಧ್ಯಕ್ಷರ ಅಧಿಕಾರ, ಶಾಸನಸಭೆ, ಗೋಲಿ ಎಲ್ಲವನ್ನೂ ದಾರಿಯುದ್ದಕ್ಕೂ ಪಾಠ ಮಾಡಿ ಅವಳ ಬಾಯಿ ಮುಚ್ಚಿಸಿದೆ. ಸಣ್ಣ ಗಂಟೆಯನ್ನು ಬುಧವಾರ ನೀಲಿ ಡ್ರಮ್ಮಿಗೆ ಕಟ್ಟಿ ಒಂದು ಗೋಲಿ ಹಾಕಿ ನೋಡಿದೆ, ಚೆನ್ನಾಗಿ ಕೇಳಿಸಿತು. ದೊಡ್ಡದನ್ನು ಶುಕ್ರವಾರ ಕೆಂಪು ಡ್ರಮ್ಮಿಗೆ ಕಟ್ಟಿ ಹಾಕಿ ನೋಡಿದೆ, ಅದೂ ಚೆನ್ನಾಗಿ ಕೇಳಿಸಿತು. ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳಬೇಕೆಂದು ಹೊಳೆಯಲಿಲ್ಲ. ಶನಿವಾರ ನನ್ನ ಗೆಳತಿ ಕೆಳಗಿಳಿದು ಬಂದು ಒಮ್ಮೆ ನೋಡಲೇ ಎಂದು ಕೇಳಿದಳು. ಅಭ್ಯರ್ಥಿಗಳು ಪೆಟ್ಟಿಗೆಯ ಹತ್ತಿರ ಬರುವ ಹಾಗಿಲ್ಲ, ಇದು ನಿಯಮ ಎಂದು ಬಾಗಿಲಲ್ಲೇ ತಡೆದು ಕಳಿಸಿದೆ. ಅವಳು ನೋಡಿದ್ದರೆ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದಳು. ಇವತ್ತಿಗೂ ಅದು ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಅನಿಸುತ್ತದೆ.

ಚುನಾವಣೆ ಈಸ್ಟ್ ಬ್ರನ್ಸ್‌ವಿಕ್‌ನ ಒಂದು ಮೋಟೆಲಿನ ಹಾಲಿನಲ್ಲಿ. ಮೋಟೆಲಿನ ಯಜಮಾನಿ ಮಂಗಳೂರಿನ ಕ್ಯಾಥೊಲಿಕ್ ಹೆಂಗಸು, ನಮ್ಮಿಬ್ಬರ ಮಕ್ಕಳು ಒಂದೇ ಶಾಲೆಯಲ್ಲಿ ಓದಿದವರು. ನಾನು ಕೇಳಿದ್ದಕ್ಕೆ ಐದು ಗಂಟೆಯವರೆಗೆ ಹಾಲು ಬಿಟ್ಟುಕೊಟ್ಟಿದ್ದಳು. ಆರಕ್ಕೆ ಅಲ್ಲಿ ಬೇರೆಯವರ ಪಾರ್ಟಿ. ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ನವೆಂಬರಿನ ಭಾನುವಾರ ಅದು. ಅರ್ಧ ಜನ ಹಳೆಯ ಲೆಕ್ಕದಲ್ಲಿ ಬಂದು ಒಂದು ತಾಸು ಮೊದಲೇ ಪಾರ್ಕಿಂಗ್ ಲಾಟಿನಲ್ಲಿ ನಿಂತಿದ್ದರು. ನಾನು ಹಾಲಿನ ಒಳಗೂ ಹೊರಗೂ ಶತಪಥ ಹಾಕಿದೆ. ಪರದೆ ಸರಿಪಡಿಸಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ. ಡ್ರಮ್ಮುಗಳು ಖಾಲಿ ಎಂದು ಎಲ್ಲರಿಗೂ ತೋರಿಸಿ, ಮರಳು ಸುರಿದು, ಮುಚ್ಚಳ ಹಾಕಿ ಅಂಟುಪಟ್ಟಿ ಸುತ್ತಿ ಎರಡೂ ಕಡೆಯವರ ಸಹಿ ಹಾಕಿಸಿದೆ. ಎಂತ ಮಾರಾಯ್ತಿ, ನಿನ್ನ ಮದುವೆಯೇ ಇದು ಎಂದು ಮೋಟೆಲಿನವಳು ಛೇಡಿಸಿದಳು.

ಮೊದಲ ಮತದಾರ ಒಬ್ಬ ಮುದುಕ. ಎಡಗೈ ಬೆರಳಿಗೆ ಗುರುತು ಹಾಕಿ ಗೋಲಿ ಕೊಟ್ಟೆ. ಪರದೆಯ ಹಿಂದೆ ಹೋದ. ಟಣ್. ಜನ ಚಪ್ಪಾಳೆ ತಟ್ಟಿದರು. ಆ ಸದ್ದು ಕೇಳಿ ಊರು ನೆನಪಾಗಿ ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಎರಡನೆಯವಳು ಅವನ ಸೊಸೆ. ಟಿಂಗ್. ಈ ಸಲ ಚಪ್ಪಾಳೆ ಅರ್ಧಕ್ಕೇ ನಿಂತಿತು. ಮೂರನೆಯದು ಟಿಂಗ್, ನಾಲ್ಕನೆಯದು ಟಣ್. ಮಾತಾಡುತ್ತಿದ್ದ ಹಾಲು ಸದ್ದಡಗಿತು. ಆ ಜನ ಹುಟ್ಟಿದಾಗಿನಿಂದ ಈ ಸದ್ದನ್ನು ಕಿವಿಗೊಟ್ಟು ಕೇಳಿದವರು. ಅವರಿಗೆ ಎರಡನೆಯ ಗೋಲಿಗೇ ಗೊತ್ತಾಗಿತ್ತು. ನನ್ನ ದಡ್ಡ ತಲೆಗೆ ಹೊಳೆಯಲು ಐದನೆಯದು ಬೀಳಬೇಕಾಯಿತು. ದೊಡ್ಡ ಗಂಟೆ ಅಂದರೆ ಕೆಂಪು, ಸಣ್ಣ ಗಂಟೆ ಅಂದರೆ ನೀಲಿ. ಪರದೆ ಇದ್ದೂ ಇಲ್ಲದಂತೆ.

ಅಲ್ಲೇ ಎದ್ದು ನಿಲ್ಲಿಸಬೇಕಿತ್ತು. ಎರಡನೇ ಪೋಲಿಂಗ್ ಆಫೀಸರಿಗೂ ಅಷ್ಟು ಗೊತ್ತಿರುತ್ತದೆ. ನಾನು ಏಳಲಿಲ್ಲ. ಎದ್ದರೆ ತಪ್ಪು ನನ್ನದು ಎಂದು ಒಪ್ಪಿಕೊಳ್ಳಬೇಕು, ಹಾಲಿಗೆ ಐದರ ಗಡುವು, ಎಷ್ಟೋ ಜನ ದೂರದ ಬ್ರಾಂಕ್ಸಿನಿಂದ ಬಂದಿದ್ದಾರೆ, ಯಾರೂ ಏನೂ ಹೇಳುತ್ತಿಲ್ಲವಲ್ಲ ಎಂದೆಲ್ಲ ನೆಪ ಹುಡುಕಿದೆ. ಗೋಲಿ ಕೊಡುತ್ತಲೇ ಹೋದೆ. ಒಂದೊಂದು ಸದ್ದಿಗೂ ಹಾಲಿನ ತಲೆಗಳೆಲ್ಲ ಒಟ್ಟಿಗೆ ಎದ್ದು ಪರದೆಯಿಂದ ಹೊರಬರುವವರ ಮುಖ ನೋಡುತ್ತಿದ್ದವು. ಹೊರಬಂದವರು ನೆಲ ನೋಡುತ್ತ ನಡೆಯುತ್ತಿದ್ದರು. ನನಗೆ ಬೇಡವೆಂದರೂ ಮನಸ್ಸು ಎಣಿಸುತ್ತಿತ್ತು. ಮೂವತ್ತೊಂದು ಜನ ಹಾಕಿದ ಹೊತ್ತಿಗೆ ಸಣ್ಣದು ಹತ್ತೊಂಬತ್ತು, ದೊಡ್ಡದು ಹನ್ನೆರಡು. ನನ್ನ ಗೆಳತಿ ಮುಂದಿದ್ದಳು. ಅವಳು ಮೊದಲ ಸಾಲಿನಲ್ಲಿ ಮಡಿಲಲ್ಲಿ ಕೈಯಿಟ್ಟು ಕೂತು ನನ್ನನ್ನೇ ನೋಡುತ್ತಿದ್ದಳು. ನಾನು ಅವಳ ಕಡೆ ನೋಡಲಿಲ್ಲ.

ಮೂವತ್ತೆರಡನೆಯವನು ಅವಳ ಗಂಡ. ಗೋಲಿ ತೆಗೆದುಕೊಂಡು ಒಳಗೆ ಹೋದ. ಗಂಟೆಯ ಸದ್ದು ಬರಲಿಲ್ಲ. ಯಾರೋ ಕೆಮ್ಮಿದರು, ಒಂದು ಮಗು ಏನೋ ಕೇಳಿ ಗದರಿಸಿಕೊಂಡಿತು. ಪರದೆಯ ಹಿಂದೆ ಅವನ ಬೂಟುಗಳು ಕಿರುಗುಟ್ಟುವುದು ಮಾತ್ರ ಕೇಳಿಸುತ್ತಿತ್ತು, ಒಮ್ಮೆ ಅತ್ತ, ಒಮ್ಮೆ ಇತ್ತ. ಆಮೇಲೆ ಅವನು ಹೊರಗೆ ಬಂದ. ಗೋಲಿಯನ್ನು ನನ್ನ ಮೇಜಿನ ಮೇಲಿಟ್ಟ. ಅದು ಉರುಳಿತು, ನಾನು ಹಿಡಿದೆ.

“ಇದು ಎಲ್ಲರಿಗೂ ಕೇಳಿಸುತ್ತದೆ ಮೇಡಂ” ಎಂದ.

ಹಾಲಿನಲ್ಲಿ ಗುಜುಗುಜು ಎದ್ದಿತು. ವಿಚಿತ್ರವೆಂದರೆ ನಿಲ್ಲಿಸಿ ಎಂದವರು ಯಾರೂ ಇಲ್ಲ. ಅವಳ ಪರವಾದ ಹೆಂಗಸರಿಗೆ ಮುಂದುವರಿಯಬೇಕಿತ್ತು, ಗೆಲ್ಲುತ್ತಿದ್ದಾರಲ್ಲ. ಮಾವ ಎದ್ದು ನಿಂತು ನಿಲುವಂಗಿ ಸರಿಪಡಿಸಿಕೊಂಡು, ನಾವೆಲ್ಲ ಒಂದೇ ಮನೆಯವರು, ಮುಚ್ಚಿಡುವಂಥದ್ದೇನೂ ಇಲ್ಲ, ನಡೆಯಲಿ ಎಂದರು. ದೊಡ್ಡತನದ ಮಾತು. ಆದರೆ ಸಾಲಿನಲ್ಲಿ ಉಳಿದವರು ಹೆಚ್ಚಾಗಿ ಅವರ ಉಪ್ಪು ತಿಂದವರು. ಅವರೆದುರಿಗೆ ಸಣ್ಣ ಗಂಟೆ ಬಾರಿಸುವ ಧೈರ್ಯ ಯಾರಿಗಿತ್ತು? ಅವರು ಅದನ್ನು ಯೋಚಿಸಿಯೇ ಹೇಳಿದರೋ ಇಲ್ಲವೋ ನನಗೆ ತಿಳಿಯದು.

ಆಗ ನನ್ನ ಗೆಳತಿ ಎದ್ದು ನನ್ನ ಮೇಜಿನ ಹತ್ತಿರ ಬಂದಳು.

“ನಿನಗೆ ಯಾವಾಗ ಗೊತ್ತಾಯಿತು?”

“ಐದನೆಯವರು ಹಾಕಿದಾಗ.”

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಮಕ್ಕಳು ಗೋಡೆಯ ಮೇಲೆ ಗೀಚಿದಾಗ ನೋಡುವ ಹಾಗೆ ನನ್ನನ್ನು ನೋಡಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಆಮೇಲೆ ಜನರ ಕಡೆ ತಿರುಗಿ, ಇದು ಮತದಾನವಲ್ಲ, ಎಲ್ಲ ಗೋಲಿ ಹೊರಗೆ ತೆಗೆದು ಮೊದಲಿನಿಂದ ಹಾಕಿ ಎಂದಳು. ನೀನು ಮುಂದಿದ್ದೀಯ ಎಂದು ಯಾರೋ ಹೆಂಗಸು ಅವರ ಭಾಷೆಯಲ್ಲಿ ಕೂಗಿದ್ದನ್ನು ಇನ್ನೊಬ್ಬರು ನನಗೆ ಹೇಳಿದರು. ಅದಕ್ಕೇ ನಿಲ್ಲಿಸಬೇಕು ಎಂದಳಂತೆ ನನ್ನ ಗೆಳತಿ. ನನ್ನ ಅಪ್ಪನ ಊರಿನಲ್ಲಿ ಯಾರ ಗೋಲಿ ಎಲ್ಲಿ ಬಿತ್ತೆಂದು ಯಾರಿಗೂ ಕೇಳಿಸಿರಲಿಲ್ಲ, ಆದರೂ ಅವರನ್ನು ಇಳಿಸಿದರು. ಕೇಳಿಸಿಬಿಟ್ಟರೆ ಏನಾಗುತ್ತದೆಂದು ಇಲ್ಲಿರುವ ಎಲ್ಲರಿಗೂ ಗೊತ್ತು ಎಂದಳಂತೆ. ಆಮೇಲೆ ಯಾರೂ ಎದುರಾಡಲಿಲ್ಲ.

ಹಾಲು ಖಾಲಿ ಮಾಡಲು ಎರಡೂವರೆ ತಾಸು ಇತ್ತು. ಪುಣ್ಯಕ್ಕೆ ಮತ ಹಾಕಿದವರು ಯಾರೂ ಹೊರಟಿರಲಿಲ್ಲ. ಹಿಂದಿನ ಕೋಣೆಯಲ್ಲಿ ಮೀನು ಹಾಕಿದ ಕೆಂಪನ್ನ ದೊಡ್ಡ ಪಾತ್ರೆಯಲ್ಲಿ ಕಾಯುತ್ತಿತ್ತು, ಅದನ್ನು ಬಿಟ್ಟು ಹೋಗುವವರು ಯಾರು? ಒಂದೇ ಸದ್ದಿನ ಎರಡು ಗಂಟೆ ಎಲ್ಲಿಂದ ತರುವುದೆಂದು ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ. ಮೋಟೆಲಿನವಳು ಒಳಗೆ ಹೋಗಿ ಎರಡು ಸ್ಟೀಲ್ ಚೊಂಬು ಹಿಡಿದುಕೊಂಡು ಬಂದಳು.

“ಎರಡೂ ಒಂದೇ ಸೆಟ್ಟಿಂದು ಮಾರಾಯ್ತಿ. ನನ್ನ ಮದುವೆಗೆ ಕೊಟ್ಟದ್ದು. ನೆಗ್ಗು ಬಿದ್ರೆ ಬಿಡೋದಿಲ್ಲ ನೋಡು ನಿನ್ನ” ಎಂದಳು.

ಗಂಟೆಗಳನ್ನು ಬಿಚ್ಚಿ, ಒಂದೊಂದು ಡ್ರಮ್ಮಿನ ಮರಳಿನ ಮೇಲೆ ಒಂದೊಂದು ಚೊಂಬನ್ನು ಕವುಚಿ ಹಾಕಿದೆವು. ಗೋಲಿ ಚೊಂಬಿನ ತಳಕ್ಕೆ ಬಡಿದು ಸದ್ದು ಮಾಡಿ ಮರಳಿಗೆ ಉರುಳಬೇಕು. ಈ ಸಲ ನಾನು ಯಾರನ್ನೂ ತಡೆಯಲಿಲ್ಲ. ಮಾವನನ್ನೂ ನನ್ನ ಗೆಳತಿಯನ್ನೂ ಡ್ರಮ್ಮುಗಳಿಗೆ ಬೆನ್ನು ಮಾಡಿ ಕೂರಿಸಿ ಆರು ಗೋಲಿ ಹಾಕಿದೆ. ಯಾವುದು ಎಂದು ಹೇಳಿ ಅಂದೆ. ಇಬ್ಬರೂ ತಪ್ಪಿದರು, ಒಬ್ಬರಿಗೊಬ್ಬರು ತಪ್ಪಿದ್ದನ್ನು ನೋಡಿ ಮೊದಲ ಸಲ ನಕ್ಕರು. ಎಡಗೈ ಬೆರಳಿಗೆ ಆಗಲೇ ಗುರುತಾಗಿದ್ದರಿಂದ ಬಲಗೈ ಬೆರಳಿಗೆ ಹಾಕುತ್ತ ಮತ್ತೆ ಶುರು ಮಾಡಿದೆ. ಠಣ್, ಠಣ್, ಎಲ್ಲ ಒಂದೇ. ಜನ ಪರದೆಯ ಕಡೆ ನೋಡುವುದನ್ನು ಬಿಟ್ಟು ತಮ್ಮ ತಮ್ಮಲ್ಲಿ ಮಾತಿಗೆ ತೊಡಗಿದರು. ಹೊರಬರುವವರು ತಲೆಯೆತ್ತಿ ನಡೆದರು.

ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಎಪ್ಪತ್ತೈದರಷ್ಟು ಗೋಲಿ ಬಿದ್ದ ಮೇಲೆ ಒಂದು ಡ್ರಮ್ಮಿನಲ್ಲಿ ಮರಳು ಜರುಗಿ ಚೊಂಬು ತುಸು ವಾಲಿರಬೇಕು. ಠಣ್ ಆದ ಮೇಲೆ, ಗೋಲಿ ಉರುಳುವಾಗ ಇನ್ನೊಂದು ತೀರ ಸಣ್ಣ ಸದ್ದು, ಉಗುರು ತಾಗಿದಷ್ಟು. ಹಾಲಿನಲ್ಲಿ ಯಾರಿಗೂ ಅದು ಕೇಳಿಸುವಂತಿರಲಿಲ್ಲ. ಪರದೆಗೆ ಎರಡೇ ಹೆಜ್ಜೆ ದೂರ ಕೂತ ನನಗೆ ಕೇಳಿಸಿತು. ಇನ್ನು ಏಳೆಂಟು ಜನ ಉಳಿದಿದ್ದರು. ಗಡಿಯಾರ ನಾಲ್ಕೂವರೆ ದಾಟಿತ್ತು, ಕಿಟಕಿಯ ಹೊರಗೆ ಆಗಲೇ ಕತ್ತಲು ಕವಿಯುತ್ತಿತ್ತು. ಮತ್ತೆ ನಿಲ್ಲಿಸಿದರೆ ಚುನಾವಣೆಯೇ ಇಲ್ಲ. ಹೋಗಲಿ, ಕುರ್ಚಿಯನ್ನು ಹತ್ತು ಹೆಜ್ಜೆ ಆಚೆಗೆ ಎಳೆದುಕೊಳ್ಳಬಹುದಿತ್ತು. ನಾನು ಎಳೆದುಕೊಳ್ಳಲಿಲ್ಲ, ಯಾಕೆಂದರೆ ಸಾಲಿನ ಕೊನೆಯಲ್ಲಿ ಅವಳ ಗಂಡ ನಿಂತಿದ್ದ. ಎಲ್ಲರನ್ನೂ ಮುಂದೆ ಬಿಟ್ಟು ಬೇಕೆಂದೇ ಕೊನೆಯಲ್ಲಿ ನಿಂತಿದ್ದ.

ಅವನಿಗೆ ಗೋಲಿ ಕೊಟ್ಟೆ. ಒಳಗೆ ಹೋದ. ಕೆಮ್ಮಿಬಿಡೋಣ ಅಂದುಕೊಂಡೆ, ಕುರ್ಚಿ ಸರಿಸಿ ಸದ್ದು ಮಾಡೋಣ ಅಂದುಕೊಂಡೆ. ಮಾಡಲಿಲ್ಲ. ಉಸಿರು ಹಿಡಿದು ಕಿವಿ ನಿಮಿರಿಸಿ ಕೂತೆ. ಠಣ್ ಎಂದಿತು. ಅದರ ಹಿಂದೆ ಏನು ಕೇಳಿಸಿತು, ಏನು ಕೇಳಿಸಲಿಲ್ಲ ಎಂಬುದು ನನಗೆ ಗೊತ್ತು. ಅವನು ಹೊರಗೆ ಬಂದು ನನಗೆ ತಲೆಬಾಗಿ ವಂದಿಸಿದ. ಅಷ್ಟು ನೆಮ್ಮದಿಯ ಮುಖವನ್ನು ನಾನು ಅವನಲ್ಲಿ ಕಂಡಿರಲಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಅವರ ಊರಿನಲ್ಲಿ ಗೋಲಿ ಎಣಿಸಲು ಗುಳಿಗಳಿರುವ ಮರದ ಹಲಗೆ ಇರುತ್ತದಂತೆ. ನಾವು ಮೋಟೆಲಿನ ಅಡುಗೆಮನೆಯಿಂದ ಮೊಟ್ಟೆಯ ಟ್ರೇ ತಂದೆವು, ಒಂದರಲ್ಲಿ ಮೂವತ್ತು. ಮುಚ್ಚಳ ತೆಗೆದಾಗ ವಾಲಿದ ಚೊಂಬು ಯಾವ ಡ್ರಮ್ಮಿನದು ಎಂದು ನನ್ನ ಕಣ್ಣಿಗೆ ಬಿತ್ತು. ಕೆಂಪು ಡ್ರಮ್ಮಿನವು ಒಂದು ಟ್ರೇ ತುಂಬಿ ಇನ್ನೊಂದರಲ್ಲಿ ಹದಿನಾಲ್ಕು. ನೀಲಿಯವು ಒಂದು ಟ್ರೇ ತುಂಬಿ ಇನ್ನೊಂದರಲ್ಲಿ ಹತ್ತು. ಮೂರು ಸಲ ಎಣಿಸಿದೆವು. ಅವಳು ನಾಲ್ಕು ಗೋಲಿಯಿಂದ ಸೋತಿದ್ದಳು. ಅವಳೇ ಮೊದಲು ಹೋಗಿ ಮಾವನ ಕೈ ಹಿಡಿದು ಅಭಿನಂದಿಸಿದಳು, ಅನ್ನ ಬಡಿಸಲು ನಿಂತಳು. ನನ್ನ ತಟ್ಟೆಗೂ ಬಡಿಸಿದಳು. ನನ್ನ ಎರಡು ಗಂಟೆಗಳಿಂದ ಅವಳ ಗೆಲುವು ಹೋಯಿತೋ ಅಥವಾ ಗೆಲುವೆಂಬುದೇ ಇರಲಿಲ್ಲವೋ, ಅದನ್ನು ಯಾರೂ ಹೇಳಲಾರರು.

ಮಾವ ಚಳಿಗಾಲದಲ್ಲಿ ರಾಜಧಾನಿಗೆ ಹೋಗಿ ಸಮಿತಿಯ ಮುಂದೆ ಮಾತಾಡಿ ಬಂದರು. ಕೇಳಿಸಿಕೊಂಡರಂತೆ, ಹೊರಗಿರುವವರ ಮತದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಆದರೆ ಆ ಭಾನುವಾರದ ನಂತರದ ವಾರಗಳಲ್ಲಿ ನನಗೆ ಅದ್ಯಾವುದರ ಚಿಂತೆಯೂ ಇರಲಿಲ್ಲ. ನನಗೆ ಗೊತ್ತಿದ್ದ ಒಂದು ಸಂಗತಿ ಬಾಯೊಳಗೆ ಕುದಿಯುತ್ತಿತ್ತು. ಅವಳ ಎದುರು ಕೂತರೆ ನಾಲಿಗೆ ತುದಿಗೆ ಬರುತ್ತಿತ್ತು. ಡೇಕೇರಿನಲ್ಲಿ ಊಟದ ಹೊತ್ತಿಗೆ ಏನಾದರೂ ಕೆಲಸ ಹಚ್ಚಿಕೊಂಡು ತಪ್ಪಿಸಿಕೊಂಡೆ. ನಾಲ್ಕನೇ ಮಹಡಿಯ ಮೆಟ್ಟಿಲು ಅರ್ಧ ಹತ್ತಿ ಇಳಿದದ್ದೆಷ್ಟು ಸಲವೋ. ಹೇಳಿದರೆ ಆ ಮನೆಯಲ್ಲಿ ಏನಾಗುತ್ತದೆ? ಒಂದು ಗೋಲಿ ಯಾರ ಸೋಲು ಗೆಲುವನ್ನೂ ಬದಲಿಸಿರಲಿಲ್ಲ. ಆ ಒಂದು ಗೋಲಿಯ ಗುಟ್ಟಿಗಾಗಿಯೇ ಅವಳು ಕೈಗೆ ಬಂದದ್ದನ್ನು ಬಿಟ್ಟುಕೊಟ್ಟಿದ್ದಳು. ಇಷ್ಟೆಲ್ಲ ತಿಳಿದೂ ನನ್ನ ಬಾಯಿಯ ಮೇಲೆ ನನಗೆ ನಂಬಿಕೆ ಇರಲಿಲ್ಲ.

ಒಂದು ಮಧ್ಯಾಹ್ನ ಅವಳೇ ನನ್ನನ್ನು ಹಿಡಿದು ಆ ಪುಟ್ಟ ಕುರ್ಚಿಯಲ್ಲಿ ಕೂರಿಸಿದಳು. ತನ್ನ ಡಬ್ಬಿಯಿಂದ ಅರ್ಧ ನನಗೆ ಹಾಕಿದಳು. ಗಂಡನನ್ನು ತಾನು ಏನೂ ಕೇಳಿಲ್ಲ, ಕೇಳುವುದೂ ಇಲ್ಲ ಎಂದಳು. ಅಮ್ಮ ಅಪ್ಪನನ್ನು ಕೇಳಿ ಕೇಳಿ ಸುಸ್ತಾದದ್ದನ್ನು ನೋಡಿದ್ದೇನೆ ಎಂದಳು. ಆಮೇಲೆ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತ ಕೇಳಿದಳು.

“ಅವನು ಗೋಲಿ ಹಾಕಿದಾಗ ನೀನು ಹತ್ತಿರವೇ ಇದ್ದೆ. ನಿನಗೇನಾದರೂ ಗೊತ್ತಾಯಿತಾ?”

ಹುಟ್ಟಿದಾಗಿನಿಂದ ಕಾಯದ ನನ್ನ ನಾಲಿಗೆ ಅವತ್ತು ಸ್ವಲ್ಪ ಕಾಯಿತು. ಎರಡೂ ಒಂದೇ ಥರ ಕೇಳಿಸುತ್ತಿತ್ತು, ನನಗೇನೂ ಗೊತ್ತಾಗಲಿಲ್ಲ ಎಂದೆ.

ಒಳಗೆ ಮಗುವೊಂದು ಎದ್ದು ಅಳತೊಡಗಿತ್ತು, ಇಬ್ಬರೂ ಏಳಲಿಲ್ಲ.

“ಗೊತ್ತಾಗಿದ್ದರೂ ಹಾಗೇ ಹೇಳು. ನಾನು ಮತ್ತೆ ಕೇಳಿದರೂ ಹಾಗೇ ಹೇಳು” ಎಂದಳು.

ಆಮೇಲೆ ಅವಳು ಎರಡು ಸಲ ಕೇಳಿದ್ದಾಳೆ. ಎರಡು ಸಲವೂ ಹಾಗೇ ಹೇಳಿದ್ದೇನೆ.